16 ವರ್ಷ, ಪ್ಯಾರಾಗ್ಲೈಡಿಂಗ್ ಕಲಿಯುವ ಆಸೆ. ಹಳೇ ರೆಕ್ಕೆ ಒಂದು ಸಿಕ್ಕಿದೆ, ಶುರು ಮಾಡಬಹುದಾ?

ಗರಿಮೂಡದಹಕ್ಕಿ

ಎಲ್ಲರಿಗೂ ನಮಸ್ಕಾರ. ನನಗೆ 16 ವರ್ಷ, ತೂಕ 48 ಕೆ.ಜಿ. ತೂಕ ಯಾಕೆ ಹೇಳಿದೆ ಅಂದರೆ ಇಂಥ ಪ್ರಶ್ನೆ ಯಾರು ಕೇಳಿದರೂ ನೀವೆಲ್ಲ ಮೊದಲು ಅದನ್ನೇ ವಿಚಾರಿಸುತ್ತೀರಿ. ಎರಡು ವರ್ಷದಿಂದ ಪ್ಯಾರಾಗ್ಲೈಡಿಂಗ್ ಹುಚ್ಚು ಹಿಡಿದಿದೆ. ಒಂದು ಸಲ ಟ್ಯಾಂಡೆಮ್‌ನಲ್ಲಿ (ಪೈಲಟ್ ಜೊತೆ ಇಬ್ಬರು ಒಟ್ಟಿಗೆ) ಹಾರಿದ್ದೇನೆ, ಇಪ್ಪತ್ತು ನಿಮಿಷ ಅಷ್ಟೇ. ಅದಾದ ಮೇಲೆ ಒಂದು ವಾರ ನಿದ್ದೆಯಲ್ಲೂ ಅದೇ.

ಈಗ ವಿಷಯಕ್ಕೆ ಬರುತ್ತೇನೆ. ನಮಗೆ ಪರಿಚಯದವರೊಬ್ಬರು ಹಿಂದೆ ಹಾರುತ್ತಿದ್ದರು, ಈಗ ಬಿಟ್ಟಿದ್ದಾರೆ. ಅವರ ರೆಕ್ಕೆ (ತಲೆಯ ಮೇಲೆ ಹರಡಿಕೊಳ್ಳುವ ಬಟ್ಟೆ), ಹಾರ್ನೆಸ್ (ಮೈಗೆ ಕಟ್ಟಿ ಕೂರುವ ಪಟ್ಟಿಗಳ ಸೀಟು) ಎಲ್ಲ ಅಟ್ಟದ ಮೇಲೆ ಬಿದ್ದಿವೆ. 12 ವರ್ಷ ಹಳೆಯದು. ಬೇಕಾದರೆ ತಗೊಂಡು ಹೋಗು ಅಂದರು. ಬಿಚ್ಚಿ ನೋಡಿದೆ, ಎಲ್ಲೂ ಹರಿದಿಲ್ಲ, ಬಣ್ಣ ಕೂಡ ಚೆನ್ನಾಗೇ ಇದೆ. ಒಳಗೆ ಹೊಲಿದಿರುವ ಪಟ್ಟಿಯಲ್ಲಿ 95–115 ಕೆ.ಜಿ ಅಂತ ಬರೆದಿದೆ.

ನನ್ನ ಯೋಚನೆ ಏನೆಂದರೆ ಒಂದು ಸಣ್ಣ ದಿಬ್ಬ ಹುಡುಕಿ, ಬರೀ ಐದು ಮೀಟರ್ ಎತ್ತರದ್ದು, ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ, ನಾನೇ ಮೆಲ್ಲಗೆ ಅಭ್ಯಾಸ ಮಾಡುವುದು, ಕೈ ಕುದುರಿದ ಮೇಲೆ ಹಾರಾಟ ಕಲಿಸುವ ಶಾಲೆಗೆ ಸೇರುವುದು. ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿದ್ದೇನೆ. ಇದು ಸರಿ ಅನ್ನಿಸುತ್ತದಾ? ಇಲ್ಲ ಪ್ಯಾರಾಗ್ಲೈಡಿಂಗ್ ಬಿಟ್ಟು ಹ್ಯಾಂಗ್ ಗ್ಲೈಡರೋ, ರೆಕ್ಕೆ ಗಟ್ಟಿ ಇರುವ, ಎಂಜಿನ್ ಇಲ್ಲದ ಗ್ಲೈಡರ್ ವಿಮಾನವೋ ನನ್ನ ವಯಸ್ಸಿಗೆ ವಾಸಿಯಾ? ಅಮ್ಮ ಇನ್ನೂ ಒಪ್ಪಿಲ್ಲ, ಅದು ಬೇರೆ ಕಥೆ.

ಬೈಯುವುದಿದ್ದರೆ ಬೈಯಿರಿ, ಆದರೆ ಕಾರಣ ಹೇಳಿ ಬೈಯಿರಿ.

---

ಗಾಳಿಗೋಪುರ

ಬೈಯುವುದಿಲ್ಲ ತಮ್ಮಾ. ಕೇಳಿ ಮುಂದುವರಿಯೋಣ ಅಂದುಕೊಂಡೆಯಲ್ಲ, ಅದೇ ದೊಡ್ಡದು. ನಾನು ಕಲಿಸುವ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ರೆಕ್ಕೆಯ ವಿಷಯ. ಅದನ್ನು ಮುಟ್ಟಬೇಡ. ಹರಿದಿಲ್ಲ, ಬಣ್ಣ ಹೋಗಿಲ್ಲ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ರೆಕ್ಕೆಯ ನೈಲಾನ್ ಬಟ್ಟೆಗೆ ಗಾಳಿ ಸೋರದ ಹಾಗೆ ಒಂದು ಲೇಪ ಇರುತ್ತದೆ. ಬಿಸಿಲು, ತೇವ, ಒದ್ದೆ ಇರುವಾಗಲೇ ಮಡಚಿ ಚೀಲಕ್ಕೆ ತುರುಕುವುದು, ಇವೆಲ್ಲ ಸೇರಿ ಲೇಪ ಸವೆಯುತ್ತದೆ. ಆಮೇಲೆ ಬಟ್ಟೆಯೊಳಗಿಂದಲೇ ಗಾಳಿ ಹೋಗುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಅಳೆಯುವ ಯಂತ್ರಕ್ಕೆ ಮಾತ್ರ ಕಾಣುತ್ತದೆ. ದಾರಗಳದ್ದು ಇನ್ನೊಂದು ತೊಂದರೆ. ಮುಂದಿನ ಸಾಲಿನ ದಾರಗಳ ಮೇಲೆ ಭಾರ ಜಾಸ್ತಿ, ಅವು ಎಳೆದುಕೊಂಡು ಉದ್ದವಾಗುತ್ತವೆ. ಹಿಂದಿನವುಗಳ ಮೇಲೆ ಭಾರ ಕಡಿಮೆ, ಅವು ವರ್ಷ ಕಳೆದ ಹಾಗೆ ಕುಗ್ಗುತ್ತವೆ. ಸೆಂಟಿಮೀಟರ್ ಲೆಕ್ಕದ ವ್ಯತ್ಯಾಸ ಅಷ್ಟೇ, ಆದರೆ ರೆಕ್ಕೆ ಬ್ರೇಕ್ (ಹಿಂದಿನ ಅಂಚನ್ನು ಕೆಳಗೆಳೆಯುವ ದಾರ) ಹಿಡಿಯದೆಯೇ ಬ್ರೇಕ್ ಹಿಡಿದ ಹಾಗೆ ಹಾರಲು ಶುರು ಮಾಡುತ್ತದೆ. ಇವೆರಡೂ ಸೇರಿದ ರೆಕ್ಕೆ ಡೀಪ್ ಸ್ಟಾಲ್‌ಗೆ ಹೋಗಬಹುದು. ಅಂದರೆ ಮೇಲೆ ನೋಡಿದರೆ ರೆಕ್ಕೆ ತುಂಬಿಕೊಂಡು ಚೆಂದವಾಗೇ ಇರುತ್ತದೆ, ಆದರೆ ಮುಂದಕ್ಕೆ ಹೋಗುತ್ತಿರುವುದಿಲ್ಲ, ಕೆಳಕ್ಕೆ ಇಳಿಯುತ್ತಿರುತ್ತದೆ. ಹೊಸಬರಿಗೆ ಆಗ ಏನಾಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಕಿವಿಯ ಹತ್ತಿರ ಗಾಳಿಯ ಸದ್ದು ನಿಂತುಹೋಗುತ್ತದೆ, ಅದೊಂದೇ ಸುಳಿವು.

ಎರಡನೆಯದು ತೂಕ. 95–115 ಅಂದರೆ ಹಾರುವವನ ತೂಕ ಮಾತ್ರ ಅಲ್ಲ, ರೆಕ್ಕೆ, ಹಾರ್ನೆಸ್, ಹೆಲ್ಮೆಟ್, ಬೂಟು ಎಲ್ಲ ಸೇರಿಸಿದ ತೂಕ. ನಿನ್ನದು ಎಲ್ಲ ಸೇರಿ 63 ಆಗಬಹುದು. 105 ಕೆ.ಜಿ ಹೊತ್ತು ಗಂಟೆಗೆ 36 ಕಿ.ಮೀ ಹೋಗುವ ರೆಕ್ಕೆ 63 ಕೆ.ಜಿ ಹೊತ್ತರೆ 28ರ ಆಸುಪಾಸಿಗೆ ಇಳಿಯುತ್ತದೆ. ಇಳಿಯುವುದು ನಿಧಾನ ಆಗುತ್ತದೆ ಅಂತ ಖುಷಿಪಡಬೇಡ. ಎದುರುಗಾಳಿ 28 ಬಂದರೆ ನೀನು ನಿಂತಲ್ಲೇ ನಿಲ್ಲುತ್ತೀಯ, 30 ಬಂದರೆ ಹಿಂದಕ್ಕೆ ಹೋಗುತ್ತೀಯ. ಸಾಲದ್ದಕ್ಕೆ ಭಾರ ಕಡಿಮೆ ಇರುವ ರೆಕ್ಕೆ ಬಿಗಿಯಾಗಿ ನಿಲ್ಲುವುದಿಲ್ಲ, ಗಾಳಿ ಕದಡಿದರೆ ಸುಲಭವಾಗಿ ಮಡಚಿಕೊಳ್ಳುತ್ತದೆ. ಸಣ್ಣ ಮೈಯವರಿಗೆ, ಅದರಲ್ಲೂ ಹುಡುಗ ಹುಡುಗಿಯರಿಗೆ ಇದೇ ದೊಡ್ಡ ಪೇಚು: ಬಿಟ್ಟಿ ಸಿಗುವ ರೆಕ್ಕೆಗಳೆಲ್ಲ ದೊಡ್ಡವರ ಅಳತೆಯವು. ಹಾರ್ನೆಸ್ ಕೂಡ ಅಷ್ಟೇ. ದೊಡ್ಡವರ ಹಾರ್ನೆಸ್‌ನಲ್ಲಿ ಎಲ್ಲ ಪಟ್ಟಿ ಬಿಗಿದರೂ ಭುಜದ ಹತ್ತಿರ ಸಡಿಲ ಉಳಿಯುತ್ತದೆ.

ಇನ್ನು ಐದು ಮೀಟರ್ ದಿಬ್ಬ. ಐದು ಮೀಟರ್‌ನಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ 35 ಕಿ.ಮೀ ದಾಟಿರುತ್ತದೆ. ಒಂದು ಸೆಕೆಂಡ್‌ನಲ್ಲಿ ಮುಗಿಯುವ ಕೆಲಸ, ರಿಸರ್ವ್ (ತುರ್ತು ಪ್ಯಾರಾಶೂಟ್) ಎಸೆಯಲು ಸಮಯವೇ ಇರುವುದಿಲ್ಲ. 500 ಮೀಟರ್ ಮೇಲಿದ್ದರೆ ರೆಕ್ಕೆ ತಾನೇ ಸರಿಹೋಗಲು ಜಾಗ ಇರುತ್ತದೆ. ನೆಲದ ಹತ್ತಿರ ಇರುವಾಗಲೇ ನಮಗೆ ಜಾಸ್ತಿ ಭಯ ಆಗಬೇಕು. ಇದನ್ನು ಹೊಸಬರಿಗೆ ನಂಬಿಸುವುದೇ ಕಷ್ಟ.

ಶಾಲೆಯಲ್ಲೂ ಸಣ್ಣ ದಿಬ್ಬದಿಂದಲೇ ಶುರು ಮಾಡುತ್ತೇವೆ ನಿಜ. ಆದರೆ ದಿಬ್ಬಕ್ಕೆ ಮೊದಲು ಮೈದಾನ ಇದೆ. ರೆಕ್ಕೆಯನ್ನು ನೆಲದ ಮೇಲೆ ಹರಡಿ, ಗಾಳಿಗೆ ಎಬ್ಬಿಸಿ, ತಲೆಯ ಮೇಲೆ ನಿಲ್ಲಿಸುವುದು, ಇಳಿಸುವುದು, ಮತ್ತೆ ಎಬ್ಬಿಸುವುದು. ಗ್ರೌಂಡ್ ಹ್ಯಾಂಡ್ಲಿಂಗ್ ಅನ್ನುತ್ತಾರೆ. ಬೇಜಾರಿನ ಕೆಲಸ ಅಂತ ಎಲ್ಲರಿಗೂ ಮೊದಲ ದಿನ ಅನ್ನಿಸುತ್ತದೆ. ಮೂರನೇ ದಿನ ಒಂದು ಕ್ಷಣ ಬರುತ್ತದೆ, ರೆಕ್ಕೆ ಎಡಕ್ಕೆ ವಾಲುವ ಮೊದಲೇ ಬೆರಳಿಗೆ ಬ್ರೇಕ್ ದಾರ ಸಡಿಲಾದ ಹಾಗೆ ಗೊತ್ತಾಗುತ್ತದೆ, ಕಣ್ಣು ಮೇಲೆ ಹೋಗುವ ಮುಂಚೆ ಕಾಲು ಆ ಕಡೆ ಓಡಿರುತ್ತದೆ. ಅದನ್ನು ಯಾವ ವಿಡಿಯೋ ಕೂಡ ಕೊಡುವುದಿಲ್ಲ. ಆ ಅರಿವು ಬರುವುದು ಬೆರಳಿನಿಂದ, ಕಣ್ಣಿನಿಂದ ಅಲ್ಲ.

ಮೈದಾನದಲ್ಲೂ ಹೆಲ್ಮೆಟ್ ಹಾಕದೆ ಹಾರ್ನೆಸ್‌ಗೆ ಕೊಕ್ಕೆ ಸಿಕ್ಕಿಸಬಾರದು. ಗಾಳಿಯ ವೇಗ ಎರಡರಷ್ಟಾದರೆ ಅದರ ಎಳೆತ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಗಂಟೆಗೆ 10 ಕಿ.ಮೀ ಗಾಳಿಯಲ್ಲಿ ಸಾಧುವಾಗಿದ್ದ ರೆಕ್ಕೆ 30ಕ್ಕೆ ನಿನ್ನನ್ನು ಹೊಲದ ತುಂಬ ಎಳೆದಾಡುತ್ತದೆ. 48 ಕೆ.ಜಿ ಹುಡುಗನಿಗೆ 105 ಕೆ.ಜಿ ಹೊರುವ ರೆಕ್ಕೆ ಕಟ್ಟಿದರೆ 20 ಸಾಕು. ಎಳೆದುಕೊಂಡು ಹೋಗುವಾಗ ರೆಕ್ಕೆಯ ಗಾಳಿ ತೆಗೆದು ಅದನ್ನು ಕೊಲ್ಲುವುದು ಹೇಗೆ ಅನ್ನುವುದನ್ನೇ ನಾನು ಮೊದಲ ದಿನ ಕಲಿಸುತ್ತೇನೆ, ಎಬ್ಬಿಸುವುದನ್ನು ಆಮೇಲೆ.

ಕೈ ಕುದುರಿದ ಮೇಲೆ ಶಾಲೆ ಅಂದೆಯಲ್ಲ, ಅದು ತಲೆಕೆಳಗು. ಒಬ್ಬನೇ ಕಲಿತು ಬಂದವರಿಗೆ ಕಲಿಸುವುದಕ್ಕಿಂತ ಏನೂ ಬಾರದವರಿಗೆ ಕಲಿಸುವುದು ಸುಲಭ. ಕೈಗೆ ಅಂಟಿದ ಚಟ ಬಿಡಿಸಲು ತಿಂಗಳುಗಟ್ಟಲೆ ಬೇಕು.

---

ಸ್ವಂತಬುದ್ಧಿ

ಇಲ್ಲಿ ಎಲ್ಲರೂ ಹೆದರಿಸುವುದೇ ಆಯಿತು. ನಾನು ಯಾರ ಹತ್ತಿರವೂ ಕಲಿತಿಲ್ಲ, ಆರು ವರ್ಷದಿಂದ ಹಾರುತ್ತಿದ್ದೇನೆ, ಕೈಕಾಲು ಎಲ್ಲ ನೆಟ್ಟಗಿವೆ. ಈ ಆಟ ಕಂಡುಹಿಡಿದವರಿಗೆ ಯಾವ ಶಾಲೆ ಇತ್ತು? ಹುಡುಗನ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ.

---

ಗಾಳಿಗೋಪುರ

ನಿಮ್ಮ ಕೈಕಾಲು ನೆಟ್ಟಗಿರುವುದು ನನಗೂ ಸಂತೋಷವೇ. ಆದರೆ ಕಂಡುಹಿಡಿದವರ ಮಾತು ತೆಗೆದಿರಿ, ಅದಕ್ಕೆ ಹೇಳುತ್ತೇನೆ. 1978ರಲ್ಲಿ ಫ್ರಾನ್ಸಿನ ಮಿಯುಸಿ ಎಂಬಲ್ಲಿ ಮೂವರು ಬೆಟ್ಟದಿಂದ ಓಡಿ ಹಾರಿದರಲ್ಲ, ಅಲ್ಲಿಂದಲೇ ಪ್ಯಾರಾಗ್ಲೈಡಿಂಗ್ ಆಟವಾಗಿ ಬೆಳೆದಿದ್ದು. ಅವರು ಹೊಸಬರಲ್ಲ, ಪ್ಯಾರಾಶೂಟ್ ಜಿಗಿತದಲ್ಲಿ ಪಳಗಿದವರು. ರೆಕ್ಕೆ ಅವರ ಕೈಗೆ ಮೊದಲೇ ಗೊತ್ತಿತ್ತು, ಓಟ ಮಾತ್ರ ಹೊಸದು. ಅದಕ್ಕೂ ಹಿಂದೆ ಹೋದರೆ ಜರ್ಮನಿಯ ಓಟ್ಟೋ ಲಿಲಿಯೆಂಥಾಲ್ ಇದ್ದಾರೆ. ನಿಜವಾಗಿಯೂ ಕಲಿಸುವವರು ಯಾರೂ ಇಲ್ಲದೆ ಕಲಿತವರು ಅವರು. ಸುಮಾರು 2,000 ಸಲ ಹಾರಿದ್ದರು. 1896ರ ಆಗಸ್ಟ್ 9ರಂದು ಗ್ಲೈಡರ್ ಸ್ಟಾಲ್ ಆಗಿ (ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು) ಸುಮಾರು 15 ಮೀಟರ್‌ನಿಂದ ಬಿದ್ದರು, ಮರುದಿನ ತೀರಿಕೊಂಡರು. ಸ್ಟಾಲ್‌ನಿಂದ ಹೊರಗೆ ಬರುವುದು ಹೇಗೆ ಅಂತ ಹೇಳಿಕೊಡಲು ಆಗ ಜಗತ್ತಿನಲ್ಲಿ ಯಾರೂ ಇರಲಿಲ್ಲ. ಈಗ ಇದ್ದಾರೆ. ಇರುವಾಗ ಕೇಳದೆ ಇರುವುದು ಧೈರ್ಯ ಅನ್ನಿಸಿಕೊಳ್ಳುವುದಿಲ್ಲ ಅಲ್ವಾ.

---

ಕುಂಟುಕುದುರೆ

ನನ್ನ ಕಥೆ ಹೇಳುತ್ತೇನೆ. ನಾನು ಶಾಲೆಯಲ್ಲೇ ಕಲಿತವನು, ಅದೂ ಚೆನ್ನಾಗಿ. ಆದರೂ ಬಿದ್ದೆ. ಹಾಗಾಗಿ ಶಾಲೆ ಸೇರಿದರೆ ಎಲ್ಲ ಮುಗಿಯಿತು ಅಂತ ತಿಳಿಯಬೇಡ.

ಆಗ ನನಗೆ 19. ನಲವತ್ತಕ್ಕಿಂತ ಸ್ವಲ್ಪ ಜಾಸ್ತಿ ಸಲ ಹಾರಿದ್ದೆ. ಈ ನಲವತ್ತು ಐವತ್ತರ ಹಂತ ಇದೆಯಲ್ಲ, ಅದು ತುಂಬಾ ಕೆಟ್ಟದ್ದು. ಮೊದಲ ಹತ್ತರಲ್ಲಿ ಭಯ ಇರುತ್ತದೆ, ಭಯ ನಮ್ಮನ್ನು ಕಾಯುತ್ತದೆ. ನಲವತ್ತಕ್ಕೆ ಬರುವ ಹೊತ್ತಿಗೆ ಭಯ ಹೋಗಿರುತ್ತದೆ, ಬುದ್ಧಿ ಇನ್ನೂ ಬಂದಿರುವುದಿಲ್ಲ.

ಆ ದಿನ ಬೆಳಿಗ್ಗೆ ಎಂಟಕ್ಕೆ ಒಂದು ಸಲ ಹಾರಿದ್ದೆ. ಗಾಳಿ ಎಣ್ಣೆಯ ಹಾಗೆ ನಯವಾಗಿತ್ತು. ಕಲಿಸುವವರು ಹತ್ತೂವರೆಗೆ ಸಾಕು ಅಂದರು, ಉಳಿದವರೆಲ್ಲ ಮಡಚಿದರು. ನಾನು ಅಲ್ಲೇ ಉಳಿದೆ, ಇನ್ನೊಂದು ಸಲ ಹಾರಿ ಬರುತ್ತೇನೆ ಅಂತ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದರು, ಅದು ನನಗೆ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ನೋಡಿದರೆ ಅಪಘಾತ ಆಗಿದ್ದು ಅಲ್ಲಿ, ಆ ಕ್ಷಣದಲ್ಲಿ. ಬಿದ್ದಿದ್ದು ಆಮೇಲೆ.

ಹನ್ನೆರಡೂವರೆಗೆ ಓಡಿದೆ. ಬಿಸಿಲು ನೆಲ ಕಾಯಿಸಿ ಥರ್ಮಲ್ ಏಳುವ ಹೊತ್ತು ಅದು. ಬಿಸಿಗಾಳಿ ಮೇಲಕ್ಕೆ ಏಳುವ ಜಾಗದ ಪಕ್ಕದಲ್ಲೇ ಗಾಳಿ ಕೆಳಕ್ಕೆ ಇಳಿಯುತ್ತಿರುತ್ತದೆ, ಎರಡರ ಗಡಿಯಲ್ಲಿ ರೆಕ್ಕೆಯ ಅರ್ಧ ಏರುತ್ತದೆ, ಅರ್ಧ ಇಳಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ. ಇಳಿಯುವ ಹೊಲದ ಅಂಚಿನಲ್ಲಿ ಸಾಲು ಮರ, ಗಾಳಿ ಆ ಮರಗಳನ್ನು ದಾಟಿ ಹೊಲಕ್ಕೆ ಬರುತ್ತಿತ್ತು. ಹರಿವ ನೀರಿಗೆ ಬಂಡೆ ಅಡ್ಡ ಬಂದರೆ ಬಂಡೆಯ ಹಿಂದೆ ಸುಳಿ ಏಳುವುದನ್ನು ನೋಡಿರುತ್ತೀಯಲ್ಲ, ಗಾಳಿಯೂ ಹಾಗೆಯೇ. ರೋಟರ್ ಅನ್ನುತ್ತಾರೆ. ಕಾಣುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ಬೆಳಿಗ್ಗೆ ಗಾಳಿ ಕಡಿಮೆ ಇದ್ದಾಗ ಅದೇ ಮರಗಳ ಪಕ್ಕ ಇಳಿದಿದ್ದೆ, ಏನೂ ಆಗಿರಲಿಲ್ಲ. ಅದೇ ನನಗೆ ಧೈರ್ಯ ಕೊಟ್ಟಿದ್ದು.

ನೆಲದಿಂದ ಎಂಟು ಮೀಟರ್ ಇರಬೇಕು, ಬಲಗಡೆಯ ರೆಕ್ಕೆ ಒದ್ದೆ ಬಟ್ಟೆ ಕೊಡವಿದ ಹಾಗೆ ಪಟ್ ಅಂತ ಮಡಚಿಕೊಂಡಿತು. ಮಡಚಿದಾಗ ಮೈಭಾರ ತೆರೆದ ಕಡೆಗೆ ಹಾಕಿ, ಆ ಕಡೆ ಬ್ರೇಕ್ ಸ್ವಲ್ಪವೇ ಹಿಡಿದು, ಮೊದಲು ದಿಕ್ಕು ನೇರ ಇಟ್ಟುಕೊಳ್ಳಬೇಕು ಅಂತ ಹತ್ತು ಸಲ ಹೇಳಿಕೊಟ್ಟಿದ್ದರು. ನಾನು ಎರಡೂ ಬ್ರೇಕ್ ಸೊಂಟದ ತನಕ ಎಳೆದೆ. ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ ನೋಡು, ಹಾಗೆ. ತೆರೆದಿದ್ದ ಎಡಗಡೆಯೂ ಸ್ಟಾಲ್ ಆಯಿತು. ಕಾಲು ಮುಂದೆ ಚಾಚಿ ಕೂತ ಭಂಗಿಯಲ್ಲೇ ನೆಲಕ್ಕೆ ಬಂದೆ. ಸೊಂಟದ ಮೂಳೆ ಒಂದು ಬಿರುಕು, ಕಣಕಾಲು ಎರಡು ಕಡೆ ಮುರಿತ. ಐದು ತಿಂಗಳು ಹಾಸಿಗೆ, ಊರುಗೋಲು. ಈಗ ನಡೆಯುತ್ತೇನೆ, ಹಾರುತ್ತೇನೆ ಕೂಡ, ಮೆಟ್ಟಿಲು ಇಳಿಯುವಾಗ ಮಾತ್ರ ಗೊತ್ತಾಗುತ್ತದೆ. ಹೆಸರು ಅದಕ್ಕೇ ಇಟ್ಟುಕೊಂಡಿದ್ದು.

ಎರಡು ಮಾತು. ಕಾಲು ಜೋಡಿಸಿ ಮಂಡಿ ಸ್ವಲ್ಪ ಬಗ್ಗಿಸಿ ಪಕ್ಕಕ್ಕೆ ಉರುಳುವ ಬೀಳುವಿಕೆ ಇದೆ, ಪ್ಯಾರಾಶೂಟ್‌ನವರು ಮಾಡುತ್ತಾರಲ್ಲ ಅದು. ಅದನ್ನು ಹುಲ್ಲಿನ ಮೇಲೆ ನೂರು ಸಲ ಅಭ್ಯಾಸ ಮಾಡು, ನಾನು ಮಾಡಿದ್ದು ನಾಲ್ಕೇ ಸಲ. ಇಳಿಯುವ ಮುಂಚೆ ಕೂತಲ್ಲಿಂದ ಎದ್ದು ಹಾರ್ನೆಸ್‌ನಲ್ಲಿ ನಿಂತಿರಬೇಕು, ಕೂತು ಇಳಿದರೆ ಏಟೆಲ್ಲ ಬೆನ್ನಿಗೆ. ಇನ್ನೊಂದು, ಕಲಿಸುವವರು ಸಾಕು ಅಂದ ಮೇಲೆ ಮಡಚು. ಆ ದಿನ ಹಾರಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಗಬಹುದು. ಆದರೂ ಮಡಚು.

---

ಬಿಳಿರೆಕ್ಕೆ

ಗ್ಲೈಡರ್ ವಿಮಾನದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು 15ಕ್ಕೆ ಶುರು ಮಾಡಿದವಳು, ಹಾಗಾಗಿ ನನ್ನದು ಸ್ವಲ್ಪ ಪಕ್ಷಪಾತವೇ.

ಕಲಿಯುವವರ ಕಡೆಯಿಂದ ನೋಡಿದರೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ತರಬೇತಿ ಗ್ಲೈಡರ್‌ನಲ್ಲಿ ಎರಡು ಸೀಟು, ಎರಡು ಕಂಟ್ರೋಲ್. ಕಲಿಸುವವರು ಹಿಂದೆಯೇ ಕೂತಿರುತ್ತಾರೆ. ಪ್ಯಾರಾಗ್ಲೈಡಿಂಗ್‌ನಲ್ಲಿ ಮೊದಲ ಹಾರಾಟದಲ್ಲೇ ನೀನು ಒಬ್ಬನೇ, ಕಿವಿಯಲ್ಲಿ ರೇಡಿಯೋ ಮಾತ್ರ. ಇಲ್ಲಿ ತಪ್ಪು ಮಾಡಿದರೆ ಇನ್ನೊಬ್ಬರ ಕೈ ಸ್ಟಿಕ್ ಮೇಲೆ ಬರುತ್ತದೆ. ಸ್ಟಾಲ್, ಸ್ಪಿನ್ (ಸುತ್ತುತ್ತಾ ಕೆಳಗೆ ಬೀಳುವುದು) ಎಲ್ಲ ಬೇಕಂತಲೇ ಮೇಲೆ ಹೋಗಿ ಮಾಡಿಸಿ, ಅದರಿಂದ ಹೊರಗೆ ಬರುವುದನ್ನು ಕಲಿಸುತ್ತಾರೆ. ವಯಸ್ಸಿನ ವಿಷಯಕ್ಕೂ ಇದು ಒಳ್ಳೆಯದು. ಅಮೆರಿಕ, ಯುರೋಪಿನ ನಿಯಮಗಳಲ್ಲಿ ಗ್ಲೈಡರ್ ಒಬ್ಬರೇ ಹಾರಿಸಲು 14, ಲೈಸೆನ್ಸ್‌ಗೆ 16. ಬೇರೆ ಕಡೆ ಬೇರೆ ನಿಯಮ, ನೀನಿರುವ ಕಡೆ ಏನಿದೆ ನೋಡಿಕೋ.

ಆದರೆ ನಿನ್ನ 48 ಕೆ.ಜಿ ಇಲ್ಲೂ ಬರುತ್ತದೆ. ಮುಂದಿನ ಸೀಟಿಗೆ ಕನಿಷ್ಠ ತೂಕ ಅಂತ ಇರುತ್ತದೆ, ತುಂಬಾ ಗ್ಲೈಡರ್‌ಗಳಲ್ಲಿ ಅದು 70 ಕೆ.ಜಿ ಆಸುಪಾಸು, ಬೆನ್ನಿಗೆ ಕಟ್ಟುವ ಪ್ಯಾರಾಶೂಟ್ ಸೇರಿಸಿ. ಅದಕ್ಕಿಂತ ಕಡಿಮೆ ಇದ್ದರೆ ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಮೂತಿ ಎತ್ತಿಕೊಳ್ಳುತ್ತದೆ, ಸ್ಪಿನ್ ಆದರೆ ಹೊರಗೆ ಬರುವುದು ಕಷ್ಟ. ಅದಕ್ಕೆ ಸೀಸದ ತೂಕ ಮುಂದೆ ಸಿಕ್ಕಿಸುತ್ತಾರೆ. ನಾನು ಕಲಿಯುವಾಗ ಪ್ರತಿ ಸಲ ಆ ಸೀಸದ ಬಿಲ್ಲೆ ಹೊತ್ತುಕೊಂಡು ಬಂದು ಹಾಕುತ್ತಿದ್ದೆ. ಒಂದು ದಿನ ನಾಚಿಕೆಯಾಗಿ, ಎಲ್ಲರೂ ಕಾಯುತ್ತಿದ್ದಾರೆ ಅಂತ, ಇರಲಿ ಬಿಡಿ ಅಂದೆ. ಹಿಂದೆ ಕೂತಿದ್ದವರು ಏನೂ ಬೈಯಲಿಲ್ಲ, ಬೆಲ್ಟ್ ಬಿಚ್ಚಿ ಇಳಿದುಬಿಟ್ಟರು. ನಾನೂ ಇಳಿದು ಹೋಗಿ ಬಿಲ್ಲೆ ತಂದೆ. ತೂಕ ಕೇಳಿದರೆ ನಿಜ ಹೇಳಬೇಕು, ಅಷ್ಟೇ.

ಇನ್ನೊಂದು ನೆನಪು. ವಿಂಚ್‌ನಿಂದ (ನೆಲದಲ್ಲಿ ನಿಂತು ಹಗ್ಗ ಸುತ್ತುವ ಯಂತ್ರ) ಎಳೆಯುವಾಗ ಮೂತಿ ಆಕಾಶಕ್ಕೆ ಇರುತ್ತದೆ, ಅರ್ಧ ನಿಮಿಷ ಚಿಲ್ಲರೆಯಲ್ಲಿ 300 ಮೀಟರ್ ಮೇಲೆ. ಮಧ್ಯದಲ್ಲಿ ಹಗ್ಗ ಕಡಿದರೆ? ಅದಕ್ಕೂ ಅಭ್ಯಾಸ ಇದೆ. ಒಂದು ದಿನ ಹೇಳದೆ ಕೇಳದೆ ಹಿಂದಿನಿಂದ ಹಗ್ಗ ಬಿಟ್ಟುಬಿಡುತ್ತಾರೆ. ಟಪ್ ಅನ್ನುವ ಸದ್ದು, ಆಮೇಲೆ ಸುಮ್ಮನೆ ತೇಲಿದ ಹಾಗೆ. ಆಗ ಮಾಡಬೇಕಾದ್ದು ಒಂದೇ, ಮೂತಿ ಕೆಳಗೆ ಮಾಡಿ ವೇಗ ಬರುವ ತನಕ ಕಾಯುವುದು. ನೇರ ಇಳಿಯುವುದಾ, ತಿರುಗಿಸುವುದಾ ಎಲ್ಲ ಆಮೇಲೆ. ವೇಗ ಬರುವ ಮೊದಲೇ ತಿರುಗಿಸಲು ಹೋದರೆ ಸ್ಪಿನ್. ನಾನು ಮೊದಲ ಸಲ ಏನು ಮಾಡಲಿ ಅಂತ ಜೋರಾಗಿ ಕಿರುಚಿದೆ, ಕೈ ಮಾತ್ರ ತಾನಾಗೇ ಮುಂದೆ ತಳ್ಳಿತ್ತು.

ಒಪ್ಪಿಕೊಳ್ಳಬೇಕಾದ ಮಾತೂ ಇದೆ. ಇದು ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವ ಆಟ ಅಲ್ಲ. ದಿನವಿಡೀ ಕ್ಲಬ್ಬಿನಲ್ಲಿ ಇರಬೇಕು. ಹುಲ್ಲಿನ ಮೇಲೆ ಗ್ಲೈಡರ್ ತಳ್ಳಬೇಕು, ಬೇರೆಯವರು ಹೊರಡುವಾಗ ರೆಕ್ಕೆಯ ತುದಿ ಹಿಡಿದು ಓಡಬೇಕು, ನಿನ್ನ ಪಾಳಿ ಬರುವುದು ಸಂಜೆ ನಾಲ್ಕಕ್ಕೆ. ಆರು ಗಂಟೆ ಬಿಸಿಲಲ್ಲಿ ನಿಂತು ಹನ್ನೆರಡು ನಿಮಿಷ ಹಾರಿದ ದಿನಗಳಿವೆ. ಆದರೆ ಆ ಆರು ಗಂಟೆ ಬೇರೆಯವರ ಲ್ಯಾಂಡಿಂಗ್ ನೋಡುತ್ತಾ ನಿಂತಿದ್ದೆನಲ್ಲ, ಗಾಳಿ ಓದುವುದು ಬಂದಿದ್ದು ಅಲ್ಲೇ.

ಹ್ಯಾಂಗ್ ಗ್ಲೈಡರ್ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ರೆಕ್ಕೆಗೆ ಅಲ್ಯೂಮಿನಿಯಂ ಚೌಕಟ್ಟು ಇರುವುದರಿಂದ ಪ್ಯಾರಾಗ್ಲೈಡರ್ ಹಾಗೆ ಮಡಚಿಕೊಳ್ಳುವುದಿಲ್ಲ, ಆದರೆ ಇಳಿಸುವುದು ಕಲಿಯಲು ಜಾಸ್ತಿ ದಿನ ಬೇಕು, ಹೊರುವುದಕ್ಕೂ ಭಾರ.

ಅಮ್ಮನಿಗೆ ಒಂದು ಕಥೆ ಹೇಳು. 1983ರ ಜುಲೈ 23, ಕೆನಡಾದಲ್ಲಿ ಬೋಯಿಂಗ್ 767 ಒಂದಕ್ಕೆ ನಡುದಾರಿಯಲ್ಲಿ ಇಂಧನ ಖಾಲಿ, ಎರಡೂ ಎಂಜಿನ್ ಬಂದ್. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗ್ಲೈಡರ್ ಹಾರಿಸಿ ಪಳಗಿದವರು. ಗಿಮ್ಲಿ ಎಂಬಲ್ಲಿ ಹಳೆಯ ವಾಯುಪಡೆ ರನ್‌ವೇಗೆ ಬರುವಾಗ ಎತ್ತರ ಜಾಸ್ತಿ ಆಯಿತು, ಗ್ಲೈಡರ್‌ನವರು ಮಾಡುವ ಹಾಗೆ ಅಷ್ಟು ದೊಡ್ಡ ವಿಮಾನವನ್ನು ಓರೆಯಾಗಿ ಜಾರಿಸಿ ಇಳಿಸಿದರು. ಒಳಗಿದ್ದವರೆಲ್ಲ ಬದುಕಿದರು.

---

ಕಾಯುವಅಮ್ಮ

ಅಮ್ಮನ ವಿಷಯ ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳು 17, ಒಂದು ವರ್ಷದಿಂದ ಪ್ಯಾರಾಗ್ಲೈಡಿಂಗ್ ಕಲಿಯುತ್ತಿದ್ದಾಳೆ. ಮೊದಲು ನಾನೂ ಸುಮ್ನೆ ಬೇಡ ಅಂತಲೇ ಹೇಳಿದ್ದೆ. ಬೇಡ ಅಂದರೆ ಕದ್ದು ಹೋಗುತ್ತಾಳೆ ಅಂತ ಗೊತ್ತಾದ ಮೇಲೆ ಜೊತೆಗೆ ಹೋದೆ.

ಮೊದಲು ನೋಡಿದ ಶಾಲೆಯಲ್ಲಿ ಎರಡನೇ ದಿನವೇ ಎತ್ತರದಿಂದ ಹಾರಿಸುತ್ತೇವೆ ಅಂದರು. ಗಾಳಿ ಜಾಸ್ತಿ ಇದ್ದರೆ? ಅಂದೆ. ನಮ್ಮಲ್ಲಿ ಯಾವತ್ತೂ ಕ್ಲಾಸ್ ರದ್ದಾಗುವುದಿಲ್ಲ ಅಂತ ಹೆಮ್ಮೆಯಿಂದ ಹೇಳಿದರು. ಅಲ್ಲಿಂದ ಎದ್ದು ಬಂದೆವು. ಎರಡನೇ ಕಡೆ ಹೋದ ದಿನ ಹತ್ತು ಮಕ್ಕಳನ್ನು ಕೂರಿಸಿಕೊಂಡು ಮೋಡ ತೋರಿಸುತ್ತಿದ್ದರು, ಇವತ್ತು ಹಾರಾಟ ಇಲ್ಲ, ಯಾಕಿಲ್ಲ ಅಂತ ನೀವೇ ಹೇಳಿ ಅಂತ. ಅಲ್ಲೇ ಸೇರಿಸಿದೆ. ರಿಸರ್ವ್ ಕೊನೆಗೆ ಬಿಚ್ಚಿ ಮಡಚಿದ್ದು ಯಾವಾಗ ಅಂತ ಕೇಳಿದೆ, ದಿನಾಂಕ ಬರೆದ ಚೀಟಿ ತಂದು ತೋರಿಸಿದರು. ನನಗೆ ಹಾರಾಟ ಏನೂ ಗೊತ್ತಿಲ್ಲ, ಆದರೆ ಚೀಟಿ ಇಟ್ಟುಕೊಳ್ಳುವವರು ಯಾರು, ಇಲ್ಲದವರು ಯಾರು ಅಂತ ಗೊತ್ತಾಗುತ್ತದೆ.

ನಮ್ಮ ನಡುವೆ ಒಂದು ಒಪ್ಪಂದ ಇದೆ. ಬೆಟ್ಟದ ಮೇಲಿನ ತನಕ ಹೋಗಿ ಹಾರದೆ ಇಳಿದು ಬಂದರೆ ನಾನು ಯಾಕೆ ಅಂತ ಕೇಳುವುದಿಲ್ಲ, ಇಷ್ಟು ದೂರ ಬಂದೆವಲ್ಲ ಅಂತಲೂ ಅನ್ನುವುದಿಲ್ಲ. ಕಳೆದ ತಿಂಗಳು ಮೂರು ಸಲ ಹಾಗೇ ಬಂದಳು.

---

ಗರಿಮೂಡದಹಕ್ಕಿ

ಎಲ್ಲವನ್ನೂ ಎರಡು ಸಲ ಓದಿದೆ. ಕುಂಟುಕುದುರೆ ಅಣ್ಣಾ, ನೀವು ಬರೆದಿದ್ದನ್ನು ಅಮ್ಮನಿಗೆ ತೋರಿಸಬೇಕಾ ಬೇಡವಾ ಅಂತ ತುಂಬಾ ಹೊತ್ತು ಯೋಚಿಸಿದೆ, ಕೊನೆಗೆ ತೋರಿಸಿದೆ. ಪೂರ್ತಿ ಓದಿ, ಇದನ್ನು ಓದಿದ ಮೇಲೂ ಹಾರಬೇಕಾ ಅಂದರು. ಹೌದು ಅಂದೆ. ಸರಿ, ಶಾಲೆ ನೋಡಲು ನಾನೂ ಬರುತ್ತೇನೆ ಅಂದರು. ನಂಬಲೇ ಆಗಲಿಲ್ಲ.

ಹಳೇ ರೆಕ್ಕೆ ವಾಪಸ್ ಕೊಡಲು ಹೋದೆ, ಅವರು ಬೇಡ ಇಟ್ಟುಕೋ ಅಂದರು. ಬರೀ ಮೈದಾನದಲ್ಲಿ ಎಬ್ಬಿಸಲೂ ಬೇಡವಾ? ಮತ್ತೆ, ಶಾಲೆ ಸೇರಲು ಇನ್ನೂ ಎರಡು ತಿಂಗಳು ಇದೆ, ಪರೀಕ್ಷೆ ಮುಗಿಯಬೇಕು. ಅಲ್ಲಿಯ ತನಕ ಏನು ಮಾಡಲಿ? ಕನ್ನಡಕ ಇದೆ ನನಗೆ, ಅದು ತೊಂದರೆಯಾ?

---

ಗಾಳಿಗೋಪುರ

ಮೈದಾನಕ್ಕೂ ಬೇಡ. ನಿನ್ನ ತೂಕಕ್ಕೆ ಅದು ಹಾಯಿ ಇದ್ದ ಹಾಗೆ, ಎಳೆದುಕೊಂಡು ಹೋಗುತ್ತದೆ. ಅದರ ದಾರಗಳನ್ನು ಮೊದಲು ಕತ್ತರಿಸಿಬಿಡು, ಇನ್ನೊಬ್ಬರ ಕೈಗೆ ಸಿಕ್ಕಿ ಅವರೂ ನಿನ್ನ ಹಾಗೆ ಯೋಚಿಸಬಾರದು. ಬಟ್ಟೆಯಲ್ಲಿ ಒಂದು ಮೊಳ ಉದ್ದದ ಚೀಲ ಹೊಲಿ, ಎರಡೂ ಬಾಯಿ ತೆರೆದಿರಲಿ, ಒಂದು ಬಾಯಿ ಅಗಲ, ಒಂದು ಕಿರಿದು. ಉದ್ದ ಕೋಲಿಗೆ ಕಟ್ಟಿ ಮನೆ ಮೇಲೆ ನಿಲ್ಲಿಸು. ಎರಡು ತಿಂಗಳು ದಿನಕ್ಕೆ ಮೂರು ಸಲ ನೋಡಿ ಬರೆದಿಡು: ಗಾಳಿ ಯಾವ ಕಡೆಯಿಂದ, ಎಷ್ಟು, ಒಂದೇ ಸಮ ಇದೆಯಾ, ತಡೆದು ತಡೆದು ಬರುತ್ತದೆಯಾ, ಮೋಡ ಯಾವ ಥರ. ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಒಂದಕ್ಕೂ ಇರುವ ವ್ಯತ್ಯಾಸ ಯಾವ ಕ್ಲಾಸಿನಲ್ಲಿ ಹೇಳಿದರೂ ಅಷ್ಟು ಚೆನ್ನಾಗಿ ತಲೆಗೆ ಹೋಗುವುದಿಲ್ಲ.

ಮೋಡದ ಮಾತು ಬಂತು. ಹೂಕೋಸಿನ ಹಾಗೆ ಮೇಲೆ ಮೇಲೆ ಬೆಳೆಯುವ ಮೋಡ ಕಂಡರೆ ಕಾಲ ಕೆಳಗಿನ ನೆಲ ಬಿಡಬಾರದು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಎವಾ ವಿಸ್ನಿಯರ್ಸ್ಕಾ ಎಂಬವರನ್ನು ಗುಡುಗು ಮೋಡ ಎಳೆದುಕೊಂಡು 9,900 ಮೀಟರ್ ದಾಟಿಸಿತ್ತು. ಮೈಮೇಲೆ ಮಂಜು ಕಟ್ಟಿ, ಪ್ರಜ್ಞೆ ತಪ್ಪಿ, ಹೇಗೋ ಬದುಕಿ ಬಂದರು. ಅದೇ ದಿನ ಅದೇ ಮೋಡಕ್ಕೆ ಸಿಕ್ಕ ಇನ್ನೊಬ್ಬರು ಬದುಕಲಿಲ್ಲ. ಇಬ್ಬರೂ ವಿಶ್ವ ಚಾಂಪಿಯನ್‌ಷಿಪ್‌ಗೆ ಅಭ್ಯಾಸ ಮಾಡುತ್ತಿದ್ದವರು. ನಮ್ಮ ನಿಮ್ಮಂಥವರಲ್ಲ.

ಓಟ ಅಭ್ಯಾಸ ಮಾಡು, ಇಳಿಜಾರಿನಲ್ಲಿ, ಬೆನ್ನಿಗೆ ಹತ್ತು ಕೆ.ಜಿ ಹೊತ್ತು. ಟೇಕಾಫ್‌ನಲ್ಲಿ ಹೊಸಬರು ಕೆಡುವುದು ಎರಡು ಹೆಜ್ಜೆ ಮೊದಲೇ ಜಿಗಿದು ಕೂತುಬಿಡುವುದರಿಂದ. ನೆಲ ಕಾಲಿನಿಂದ ತಾನಾಗಿ ಜಾರುವ ತನಕ ಓಡುತ್ತಲೇ ಇರಬೇಕು.

ಕಾಲಿನ ಪಟ್ಟಿ ಸಿಕ್ಕಿಸಿದೆಯಾ ಅಂತ ಮುಟ್ಟಿ ನೋಡುವ ಅಭ್ಯಾಸ ಈಗಿನಿಂದಲೇ ಮಾಡಿಕೋ, ಶಾಲೆಯ ಬ್ಯಾಗ್ ಹಾಕಿಕೊಳ್ಳುವಾಗಲೂ. ನಗಬೇಡ. 2018ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹ್ಯಾಂಗ್ ಗ್ಲೈಡರ್ ಟ್ಯಾಂಡೆಮ್‌ಗೆ ಹೋದ ಪ್ರವಾಸಿಯೊಬ್ಬರನ್ನು ಗ್ಲೈಡರ್‌ಗೆ ಸಿಕ್ಕಿಸುವುದೇ ಮರೆತು ಓಡಿಬಿಟ್ಟಿದ್ದರು. ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಆತ ಕೈಯಲ್ಲಿ ಜೋತುಬಿದ್ದೇ ಇಳಿದರು. ವಿಡಿಯೋ ಇದೆ, ನೋಡಿಯೂ ಇರುತ್ತೀಯ. ಬರೀ ಅನುಭವ ಇದ್ದರೆ ಸಾಲದು, ಮುಟ್ಟಿ ನೋಡಬೇಕು. ಮಧ್ಯದಲ್ಲಿ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ.

ಕನ್ನಡಕ ತೊಂದರೆ ಇಲ್ಲ, ಹಿಂದೆ ದಾರ ಕಟ್ಟಿಕೋ, ಹೆಲ್ಮೆಟ್ ತಗೊಳ್ಳುವಾಗ ಕನ್ನಡಕ ಹಾಕಿಯೇ ತೊಟ್ಟು ನೋಡು. ಬೂಟು ಕಣಕಾಲು ಮುಚ್ಚುವಂಥದ್ದು ಬೇಕು. ಆದರೆ ಲೇಸ್ ಸಿಕ್ಕಿಸುವ ಕಡೆ ತಂತಿಯ ಕೊಕ್ಕೆ ಇರುವ ಬೂಟು ಬೇಡ, ರೆಕ್ಕೆಯ ದಾರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಅಂಥದ್ದೇ ಇದ್ದರೆ ಕೊಕ್ಕೆ ಮೇಲೆ ಗಟ್ಟಿ ಟೇಪ್ ಸುತ್ತು.

---

ಗರಿಮೂಡದಹಕ್ಕಿ

ಬೂಟು ನೋಡಿದೆ. ಎರಡೂ ಕಡೆ ಸೇರಿ ಎಂಟು ಕೊಕ್ಕೆ ಇವೆ. ಟೇಪ್ ಹುಡುಕುತ್ತಿದ್ದೇನೆ.